ಕಾವಿಗೆ ಕುಳಿತ ಕೋಳಿ

ಜವಾರಿ ಕೋಳಿ ದಿನಕ್ಕೆ ಒಂದಕ್ಕಿಂತ ಹೆಚ್ಚು ತತ್ತಿ ಇಡುವುದಿಲ್ಲ. ನಡುನಡುವೆ ಒಂದೊಂದು ದಿನ ಬಿಡುವುದೂ ಉಂಟು. ಹನ್ನೆರಡು ತತ್ತಿಗಳಾಗಬೇಕಾದರೆ ಎರಡು ವಾರವಾದರೂ ಬೇಕು. ಆದರೆ ಮರಿಗಳು ಹೊರಬರುವಾಗ ಎಲ್ಲವೂ ಬಹುಮಟ್ಟಿಗೆ ಒಂದೇ ದಿನ ಬರುತ್ತವೆ. ಮೊದಲು ಇಟ್ಟ ತತ್ತಿಯ ಮರಿ ಎರಡು ವಾರ ಮೊದಲೇ ಏಕೆ ಬರುವುದಿಲ್ಲ? ಪಾಠದಲ್ಲಿ ಈ ಪ್ರಶ್ನೆ ಕೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮನೆಯಲ್ಲಿ ಕೋಳಿ ಸಾಕಿದವರೂ ಇದನ್ನು ಯೋಚಿಸಿರುವುದಿಲ್ಲ.

ಉತ್ತರ ತತ್ತಿಯೊಳಗೇ ಇದೆ. ಹಳದಿ ಲೋಳೆಯ ಮೇಲೆ ಒಂದು ಚಿಕ್ಕ ಬಿಳಿಯ ಚುಕ್ಕೆ ಇರುತ್ತದೆ. ಹುಂಜದ ಜೊತೆಗೂಡಿದ ಕೋಳಿಯ ತತ್ತಿಯಲ್ಲಿ ಈ ಚುಕ್ಕೆಯೇ ಮುಂದೆ ಮರಿಯಾಗುತ್ತದೆ. ತತ್ತಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅಲ್ಲಿಯ ಬಿಸಿಗೆ ಚುಕ್ಕೆ ಬೆಳೆಯಲು ಆರಂಭಿಸಿರುತ್ತದೆ. ತತ್ತಿ ಹೊರಬಿದ್ದು ತಣ್ಣಗಾದ ಕೂಡಲೇ ಆ ಬೆಳವಣಿಗೆ ನಿಂತುಬಿಡುತ್ತದೆ. ಸಾಯುವುದಿಲ್ಲ, ನಿದ್ದೆ ಹೋದಂತೆ ಸುಮ್ಮನಿರುತ್ತದೆ. ಕೋಳಿ ಎಲ್ಲ ತತ್ತಿಗಳನ್ನೂ ಇಟ್ಟು ಮುಗಿಸಿ ಅವುಗಳ ಮೇಲೆ ಕುಳಿತಾಗ ಮತ್ತೆ ಬಿಸಿ ತಗಲುತ್ತದೆ. ಆಗ ಎಲ್ಲವೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಒಟ್ಟಿಗೆ ಹೊರಟವರು ಒಟ್ಟಿಗೆ ಊರು ಸೇರಿದ ಹಾಗೆ 21 ದಿನಗಳಿಗೆ ಮರಿಗಳು ಹೊರಬರುತ್ತವೆ.

ಇಲ್ಲಿ ಇನ್ನೊಂದು ಮಾತು. ಅಂಗಡಿಯಿಂದ ತಂದ ಬಿಳಿಯ ತತ್ತಿಯನ್ನು ಕೋಳಿಯ ಕೆಳಗೆ ಇಟ್ಟರೆ ಮರಿಯಾಗುತ್ತದೆಯೇ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ. ತತ್ತಿ ಮಾರುವ ದೊಡ್ಡ ಫಾರ್ಮುಗಳಲ್ಲಿ ಹುಂಜಗಳನ್ನು ಸಾಕುವುದಿಲ್ಲ. ಹುಂಜವಿಲ್ಲದಿದ್ದರೂ ಕೋಳಿ ತತ್ತಿ ಇಡುತ್ತದೆ, ಆದರೆ ಅದರೊಳಗೆ ಮರಿಯಾಗುವ ಜೀವ ಇರುವುದಿಲ್ಲ. ಹಿತ್ತಲಿನಲ್ಲಿ ಎಂಟು ಹತ್ತು ಹೇಂಟೆಗಳಿದ್ದರೆ ಒಂದು ಹುಂಜ ಸಾಕು.

ಕಾವಿಗೆ ಬಂದ ಕೋಳಿಯನ್ನು ಗುರುತಿಸುವುದು ಕಷ್ಟವಲ್ಲ. ಅದು ತತ್ತಿ ಇಡುವುದನ್ನು ನಿಲ್ಲಿಸುತ್ತದೆ. ತತ್ತಿ ಇಟ್ಟ ಜಾಗದಲ್ಲೇ ಹಗಲೂ ರಾತ್ರಿ ಕುಳಿತುಬಿಡುತ್ತದೆ. ಹತ್ತಿರ ಹೋದರೆ ಗರಿಗಳನ್ನು ಉಬ್ಬಿಸಿ, ಗಂಟಲಿನಲ್ಲಿ ಗುರ್ರೆಂದು ಸದ್ದು ಮಾಡಿ ಕುಕ್ಕಲು ಬರುತ್ತದೆ. ಎದ್ದು ಓಡಾಡುವಾಗ ‘ಕುಟುಕ್ ಕುಟುಕ್’ ಎಂದು ಒಂದೇ ರೀತಿ ದನಿ ಮಾಡುತ್ತದೆ. ಮರಾಠಿ ಮಾತನಾಡುವ ನಮ್ಮ ನೆರೆಯವರು ಇಂಥ ಕೋಳಿಯನ್ನು ‘ಖುಡೂಕ್’ ಎನ್ನುತ್ತಾರೆ. ಆ ದನಿಯನ್ನು ಕೇಳಿದರೆ ಹೆಸರು ಸರಿಯಾಗಿಯೇ ಇದೆ ಅನಿಸುತ್ತದೆ. ಅದರ ಎದೆಯ ಕೆಳಗೆ ಕೈಯಿಟ್ಟು ನೋಡಿರಿ. ಅಲ್ಲಿ ಗರಿ ಉದುರಿ ಬರಿಯ ಚರ್ಮ ಕಾಣುತ್ತದೆ, ಕೈಗೆ ಬಿಸಿ ತಗಲುತ್ತದೆ. ಗರಿಗಳು ಬಿಸಿಯನ್ನು ತಡೆಯುತ್ತವೆ. ಅವು ನಡುವೆ ಇಲ್ಲದಿದ್ದರೆ ತಾಯಿಯ ಮೈಬಿಸಿ ನೇರವಾಗಿ ತತ್ತಿಗೆ ಮುಟ್ಟುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮದು 37. ಕೋಳಿಯ ಮೈ ನಮಗೆ ಜ್ವರ ಬಂದಂತೆ ಬಿಸಿಯಾಗಿ ತೋರುವುದು ಇದಕ್ಕೇ.

ಕೋಳಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಅದರ ತಲೆಯೊಳಗಿನ ಒಂದು ಸಣ್ಣ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಅದು ಹೆಚ್ಚಾದಾಗ ಕೋಳಿ ಕಾವಿಗೆ ಕೂರುತ್ತದೆ. ಕಾಡುಕೋಳಿಗಳಿಂದ ಬಂದ ಗುಣ ಇದು. ಆದರೆ ಎಲ್ಲ ಕೋಳಿಗಳಲ್ಲೂ ಈಗ ಇದು ಉಳಿದಿಲ್ಲ. ವೈಟ್ ಲೆಗ್‌ಹಾರ್ನ್ ಎಂಬ ಬಿಳಿಯ ಕೋಳಿ ವರ್ಷಕ್ಕೆ 300ರ ಸುಮಾರಿಗೆ ತತ್ತಿ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಕಾವಿಗೆ ಕೂರುವ ಕೋಳಿ ಅಷ್ಟು ದಿನ ತತ್ತಿ ಕೊಡುವುದಿಲ್ಲವಲ್ಲ! ಅದಕ್ಕಾಗಿ ಕೂರದಿರುವ ಕೋಳಿಗಳನ್ನೇ ಆರಿಸಿ ಆರಿಸಿ ತಳಿ ಮಾಡಿದರು. ಬೆಂಗಳೂರಿನಲ್ಲಿ ರೂಪಿಸಿದ ಗಿರಿರಾಜ, ಹೈದರಾಬಾದಿನಲ್ಲಿ ರೂಪಿಸಿದ ವನರಾಜ ಕೋಳಿಗಳನ್ನು ಹಳ್ಳಿಯ ಹಿತ್ತಲಿಗೆಂದೇ ಮಾಡಿದ್ದರೂ ಅವೂ ಕಾವಿಗೆ ಕೂರುವ ಕೋಳಿಗಳಲ್ಲ. ಅವುಗಳ ತತ್ತಿಯನ್ನು ಮರಿ ಮಾಡಿಸಬೇಕಾದರೆ ಯಂತ್ರ ಬೇಕು, ಇಲ್ಲವೇ ನಮ್ಮ ಜವಾರಿ ಕೋಳಿಯ ಮಡಿಲು ಬೇಕು.

ಕೋಳಿ ಕಾವಿಗೆ ಬಂದಾಗ ಮನೆಯಲ್ಲಿ ಒಂದು ಚರ್ಚೆ ನಡೆಯುತ್ತದೆ. ಜವಾರಿ ಕೋಳಿ ಇಡುವುದೇ ವರ್ಷಕ್ಕೆ ಐವತ್ತು ಅರವತ್ತು ತತ್ತಿ. ಕಾವಿಗೆ ಮೂರು ವಾರ, ಮರಿ ಸಾಕಲು ಮತ್ತೆ ಆರೆಂಟು ವಾರ. ಅಷ್ಟು ದಿನ ತತ್ತಿ ಇಲ್ಲ. ತತ್ತಿ ಮಾರಿ ಪಾಟಿ ಪುಸ್ತಕ, ಎಣ್ಣೆ ಉಪ್ಪು ತರುವ ಅವ್ವನಿಗೆ ಇದು ಸಣ್ಣ ಮಾತಲ್ಲ. ಆದರೆ ಎಂಟು ಮರಿ ಉಳಿದು ದೊಡ್ಡವಾದರೆ ಸಂತೆಯಲ್ಲಿ ಸಿಗುವ ಹಣ ಆ ತತ್ತಿಗಳ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಈ ‘ಉಳಿದರೆ’ ಎಂಬ ಮಾತಿನಲ್ಲಿಯೇ ಎಲ್ಲವೂ ಇದೆ. ಮರಿ ಮಾಡಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ.

ಮರಿ ಬೇಡವೆಂದಾದರೆ ಕೆಲವರು ಕೋಳಿಯನ್ನು ತಣ್ಣೀರಿನಲ್ಲಿ ಮುಳುಗಿಸುತ್ತಾರೆ, ಮೂಗಿನಲ್ಲಿ ಗರಿ ಚುಚ್ಚುತ್ತಾರೆ. ಇದು ಬೇಡದ ಹಿಂಸೆ. ಗಾಳಿಯಾಡುವ, ಕೆಳಗೆ ಪಟ್ಟಿಗಳಿರುವ ಎತ್ತರದ ಪಂಜರದಲ್ಲಿ ನೀರು ಕಾಳು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆಗೆ ಗಾಳಿ ತಗಲಿ ಮೈ ತಣಿದು ಕಾವಿನ ಹುಚ್ಚು ತಾನಾಗಿ ಇಳಿಯುತ್ತದೆ.

ಈಗ ತತ್ತಿ ಆರಿಸುವ ಕೆಲಸ. ಒಂದು ವಾರದೊಳಗೆ ಇಟ್ಟ ತತ್ತಿಗಳು ಒಳ್ಳೆಯವು. ಹಳೆಯದಾದಷ್ಟೂ ಮರಿಯಾಗುವ ಭರವಸೆ ಕಡಿಮೆ. ತೀರ ಚಿಕ್ಕದು, ತೀರ ದೊಡ್ಡದು, ಬಿರುಕು ಬಿಟ್ಟದ್ದು, ಆಕಾರ ಕೆಟ್ಟದ್ದು ಬೇಡ. ಕೊಳೆಯಾಗಿದೆಯೆಂದು ನೀರಿನಲ್ಲಿ ತೊಳೆಯಬಾರದು. ತತ್ತಿಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಒಳಗಿನ ಮರಿ ಉಸಿರಾಡುವುದು ಅವುಗಳ ಮೂಲಕ. ಚಿಪ್ಪಿನ ಮೇಲೆ ತೆಳುವಾದ ಒಂದು ಪೊರೆ ಇದ್ದು ರೋಗಾಣುಗಳು ಆ ರಂಧ್ರಗಳಲ್ಲಿ ನುಗ್ಗದಂತೆ ಕಾಯುತ್ತದೆ. ತೊಳೆದರೆ ಪೊರೆ ಹೋಗುತ್ತದೆ. ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು.

ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆ ಸೆಕೆಗೆ ಕೂಡಿಟ್ಟ ತತ್ತಿಯೊಳಗಿನ ಚುಕ್ಕೆ ಕೋಳಿ ಕೂರುವ ಮೊದಲೇ ಅರೆಬರೆ ಎಚ್ಚರಗೊಂಡು, ಬೇಕಾದಷ್ಟು ಕಾವು ಸಿಗದೆ ಸತ್ತುಹೋಗುತ್ತದೆ. ಬೇಸಿಗೆಯ ತತ್ತಿ ಬಹಳ ಕೆಡುವುದು ಹೀಗೆ. ಅದಕ್ಕೆ ಹಿರಿಯರು ಅಗಲ ಬಾಯಿಯ ಮಡಕೆಯಲ್ಲಿ ಮರಳು ತುಂಬಿ, ನೀರು ಚಿಮುಕಿಸಿ, ಅದರ ಮೇಲೆ ಬಟ್ಟೆ ಹಾಸಿ ಚೂಪು ತುದಿ ಕೆಳಗಾಗುವಂತೆ ತತ್ತಿಗಳನ್ನು ಇಡುತ್ತಿದ್ದರು. ಕುಡಿಯುವ ನೀರಿನ ಮಡಕೆ ತಣ್ಣಗಿರುವ ಹಾಗೆಯೇ ಇದೂ ತಣ್ಣಗಿರುತ್ತದೆ. ಇಂದಿಗೂ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೂ ಸಾಧ್ಯವಾದರೆ ಕಡುಬೇಸಿಗೆಯಲ್ಲಿ ಕೋಳಿ ಕೂರಿಸದಿರುವುದು ಮೇಲು.

ಬಿದಿರಿನ ಬುಟ್ಟಿಯೋ ಹಳೆಯ ಮಂಕರಿಯೋ ಇರಲಿ. ತಳಕ್ಕೆ ಸ್ವಲ್ಪ ಬೂದಿ, ಒಣಗಿದ ಬೇವಿನೆಲೆ, ಮೇಲೆ ಮೆತ್ತಗಿನ ಒಣಹುಲ್ಲು ಹಾಕಿ ನಡುವೆ ತಗ್ಗು ಮಾಡಬೇಕು. ಬೂದಿ, ಬೇವು ಹಾಕುವುದು ಹೇನಿಗಾಗಿ. ಹೇನು ಹೆಚ್ಚಾದರೆ ಕೋಳಿ ಕುಳಿತಲ್ಲಿ ಕೂರಲಾರದೆ ಎದ್ದುಹೋಗುತ್ತದೆ. ಜವಾರಿ ಕೋಳಿಯ ಕೆಳಗೆ 10ರಿಂದ 12 ತತ್ತಿ ಸಾಕು. ಆಸೆಗೆ ಇಪ್ಪತ್ತು ಇಟ್ಟರೆ ಹೊರಗುಳಿದವು ತಣ್ಣಗಾಗುತ್ತವೆ. ಕೋಳಿ ತತ್ತಿಗಳನ್ನು ಅದಲುಬದಲು ಮಾಡುತ್ತಲೇ ಇರುವುದರಿಂದ ಇಂದು ಒಂದು, ನಾಳೆ ಇನ್ನೊಂದು ತಣ್ಣಗಾಗಿ ಎಲ್ಲವೂ ಕೆಡುತ್ತವೆ. ಬುಟ್ಟಿಯನ್ನು ಮಬ್ಬುಗತ್ತಲಿನ, ನಾಯಿ ಬೆಕ್ಕು ಸುಳಿಯದ ಮೂಲೆಯಲ್ಲಿಟ್ಟು, ಸಂಜೆ ಕತ್ತಲಾದ ಮೇಲೆ ಕೋಳಿಯನ್ನು ಕೂರಿಸಬೇಕು. ಕತ್ತಲಲ್ಲಿ ಅದು ಗಾಬರಿಯಾಗದೆ ಕೂರುತ್ತದೆ. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಈ ಕೆಲಸ ಮಕ್ಕಳದ್ದೇ ಆಗಲಿ.

ಗುಡುಗಿದರೆ ತತ್ತಿ ಕೆಡುತ್ತದೆ ಎಂದು ಕೆಲವರು ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುತ್ತಾರೆ. ಗುಡುಗಿನ ಸದ್ದಿಗೆ ತತ್ತಿ ಕೆಡುವುದಿಲ್ಲ. ಮಳೆನೀರು ಸೋರಿ ಹುಲ್ಲು ಒದ್ದೆಯಾದರೆ, ಕೋಳಿ ಹೆದರಿ ಎದ್ದುಹೋದರೆ ಕೆಡುತ್ತದೆ. ಕಬ್ಬಿಣ ಇಡುವ ಮೊದಲು ಮೇಲಿನ ತಗಡಿನ ತೂತು ನೋಡಬೇಕು.

ಕಾವಿಗೆ ಕುಳಿತ ಕೋಳಿ ಸುಮ್ಮನೆ ಕುಳಿತಿದೆ ಎಂದು ತಿಳಿಯಬೇಡಿರಿ. ಅದಕ್ಕೆ ಬಿಡುವಿಲ್ಲದ ಕೆಲಸ. ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ತತ್ತಿಗಳನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಮರಿ ಮಾಡುವ ಯಂತ್ರಗಳು ತತ್ತಿಯ ತಟ್ಟೆಗಳನ್ನು ಆಗಾಗ ಅತ್ತಿತ್ತ ವಾಲಿಸುವುದೂ ಇದೇ ಕಾರಣಕ್ಕೆ. ಯಂತ್ರದಲ್ಲಿ ಬಿಸಿ ಸುಮಾರು ಮೂವತ್ತೇಳೂವರೆ ಡಿಗ್ರಿ ಇರಬೇಕು, ಗಾಳಿಯಲ್ಲಿ ತೇವ ಇಷ್ಟೇ ಇರಬೇಕು. ಮಾಪಕ ನೋಡಿ ನೋಡಿ ಮನುಷ್ಯ ಮಾಡುವ ಕೆಲಸವನ್ನು ನಮ್ಮ ಹಿತ್ತಲಿನ ಕೋಳಿ ಎದೆಯ ಚರ್ಮದಿಂದಲೇ ಅಳೆದು ಮಾಡುತ್ತದೆ. ವಿದ್ಯುತ್ತು ಹೋದರೂ ಅದಕ್ಕೆ ಚಿಂತೆಯಿಲ್ಲ.

ದಿನಕ್ಕೆ ಒಂದು ಸಲ, ಹದಿನೈದಿಪ್ಪತ್ತು ನಿಮಿಷ ಅದು ಎದ್ದು ಬರುತ್ತದೆ. ಅವಸರದಲ್ಲಿ ತಿನ್ನುತ್ತದೆ, ನೀರು ಕುಡಿಯುತ್ತದೆ, ಮಣ್ಣಿನಲ್ಲಿ ಹೊರಳಾಡುತ್ತದೆ, ದೊಡ್ಡದೊಂದು ಹಿಕ್ಕೆ ಹಾಕುತ್ತದೆ. ಆ ಹಿಕ್ಕೆ ಬಹಳ ನಾರುತ್ತದೆ. ಗೂಡು ಹೊಲಸಾಗಬಾರದೆಂದು ಇಡೀ ದಿನದ್ದನ್ನು ತಡೆದಿಟ್ಟುಕೊಂಡಿರುತ್ತದೆ. ಅಷ್ಟು ಹೊತ್ತು ತತ್ತಿ ತಣ್ಣಗಾದರೆ ಹಾನಿಯಿಲ್ಲ. ಅದು ಎದ್ದಾಗ ಹುಡುಕುತ್ತ ಅಲೆಯದಂತೆ ಜೋಳದ ಕಾಳು, ನೀರು ಹತ್ತಿರವೇ ಇರಬೇಕು. ಮೂರು ವಾರದಲ್ಲಿ ಕೋಳಿ ಬಹಳ ಸೊರಗುತ್ತದೆ. ಕೆಲವು ಕೋಳಿಗಳು ಏಳುವುದೇ ಇಲ್ಲ. ಅಂಥವನ್ನು ದಿನಕ್ಕೊಮ್ಮೆ ಮೆಲ್ಲಗೆ ಎತ್ತಿ ಹೊರಗೆ ಬಿಡಬೇಕು. ಎತ್ತುವಾಗ ರೆಕ್ಕೆಯ ಸಂದಿಯಲ್ಲಿ ತತ್ತಿ ಸಿಕ್ಕಿದೆಯೇ ನೋಡಿರಿ, ಇಲ್ಲವಾದರೆ ಬಿದ್ದು ಒಡೆಯುತ್ತದೆ.

ಏಳನೆಯ ದಿನ ರಾತ್ರಿ ಒಂದು ಪರೀಕ್ಷೆ ಮಾಡಬಹುದು. ಕತ್ತಲ ಕೋಣೆಯಲ್ಲಿ ಬ್ಯಾಟರಿ ಅಥವಾ ಮೊಬೈಲಿನ ಬೆಳಕನ್ನು ತತ್ತಿಯ ಅಗಲ ತುದಿಗೆ ಒತ್ತಿ ಹಿಡಿಯಿರಿ. ಒಳಗೆ ನಡುವೆ ಕಪ್ಪು ಚುಕ್ಕೆ, ಸುತ್ತಲೂ ಜೇಡದ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಮರಿ ಬೆಳೆಯುತ್ತಿದೆ. ಸರಿಯಾಗಿ ನೋಡಿದರೆ ಚುಕ್ಕೆ ಅಲುಗಾಡುವುದೂ ಕಾಣುತ್ತದೆ. ಅದರ ಹೃದಯವಂತೂ ಎರಡನೆಯ ದಿನ ಮುಗಿಯುವ ಹೊತ್ತಿಗೇ ಬಡಿಯಲು ಆರಂಭಿಸಿರುತ್ತದೆ! ಏನೂ ಕಾಣದೆ ಒಳಗೆಲ್ಲ ಒಂದೇ ಸಮನೆ ತಿಳಿ ಬೆಳಕಿದ್ದರೆ ಅದು ಗೊಡ್ಡು ತತ್ತಿ. ತೆಗೆದುಬಿಡಬೇಕು. ಬಿಟ್ಟರೆ ಕೊಳೆತು ಒಡೆದು ಉಳಿದ ತತ್ತಿಗಳನ್ನೂ ಕೆಡಿಸುತ್ತದೆ. ಈ ಪರೀಕ್ಷೆಯನ್ನು ಬೇಗ ಮುಗಿಸಿ ತತ್ತಿಗಳನ್ನು ತಾಯಿಗೆ ಒಪ್ಪಿಸಬೇಕು. ದಿನವೂ ನೋಡುವ ಆಸೆ ಬೇಡ.

ನೀವು ಬೇಯಿಸಿದ ತತ್ತಿಯ ಸಿಪ್ಪೆ ಸುಲಿದಾಗ ಅಗಲ ತುದಿಯಲ್ಲಿ ತಗ್ಗಾಗಿರುವುದನ್ನು ಕಂಡಿರಬಹುದು. ಅಲ್ಲಿ ಗಾಳಿಯ ಚಿಕ್ಕ ಕೋಣೆ ಇರುತ್ತದೆ. ಕಾವಿನ ದಿನಗಳು ಕಳೆದಂತೆ ತತ್ತಿಯ ನೀರಂಶ ರಂಧ್ರಗಳಿಂದ ಆರಿ ಈ ಕೋಣೆ ದೊಡ್ಡದಾಗುತ್ತ ಹೋಗುತ್ತದೆ. ಸುಮಾರು ಇಪ್ಪತ್ತನೆಯ ದಿನ ಮರಿ ತನ್ನ ಕೊಕ್ಕಿನಿಂದ ಪೊರೆಯನ್ನು ಚುಚ್ಚಿ ಆ ಗಾಳಿಯಲ್ಲಿ ಮೊದಲ ಉಸಿರು ತೆಗೆದುಕೊಳ್ಳುತ್ತದೆ. ಆಮೇಲೆ ಚಿಪ್ಪಿನೊಳಗಿನಿಂದಲೇ ಚಿಂವ್ ಚಿಂವ್ ಎಂದು ಕೂಗುತ್ತದೆ. ತಾಯಿ ಹೊರಗಿನಿಂದ ತಗ್ಗು ದನಿಯಲ್ಲಿ ಉತ್ತರ ಕೊಡುತ್ತದೆ. ಮುಖ ನೋಡುವ ಮೊದಲೇ ತಾಯಿ ಮರಿಗಳಿಗೆ ದನಿಯ ಗುರುತು ಆಗಿರುತ್ತದೆ. ಆ ಹೊತ್ತಿನಲ್ಲಿ ಬುಟ್ಟಿಗೆ ಕಿವಿ ಕೊಟ್ಟರೆ ನಿಮಗೂ ಕೇಳುತ್ತದೆ.

ಮರಿಯ ಕೊಕ್ಕಿನ ತುದಿಯಲ್ಲಿ ಜೋಳದ ನುಚ್ಚಿನಷ್ಟು ಚಿಕ್ಕ ಗಟ್ಟಿ ಮೊನೆ ಇರುತ್ತದೆ. ಚಿಪ್ಪು ಒಡೆಯುವುದು ಅದರಿಂದ. ಹೊರಬಂದ ಕೆಲವು ದಿನಗಳಲ್ಲಿ ಆ ಮೊನೆ ಉದುರಿಹೋಗುತ್ತದೆ. ಮೊದಲು ಒಂದು ತೂತು ಮಾಡಿ ಮರಿ ಬಹಳ ಹೊತ್ತು ಸುಮ್ಮನಿರುತ್ತದೆ. ಪೂರ್ತಿ ಹೊರಬರಲು ಹನ್ನೆರಡು ತಾಸು, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಮಕ್ಕಳಿಗೆ ತಡೆಯಲಾಗದ ಸಮಯ ಇದು. ‘ಪಾಪ, ಒದ್ದಾಡುತ್ತಿದೆ, ನಾನೇ ಬಿಡಿಸುತ್ತೇನೆ’ ಎಂದು ಉಗುರಿನಿಂದ ಚಿಪ್ಪು ಕೀಳಲು ಹೋಗುತ್ತಾರೆ. ದಯವಿಟ್ಟು ಕೀಳಬೇಡಿರಿ. ಮರಿ ಸುಮ್ಮನಿರುವಾಗ ಒಳಗೆ ಎರಡು ದೊಡ್ಡ ಕೆಲಸಗಳು ನಡೆಯುತ್ತಿರುತ್ತವೆ. ಚಿಪ್ಪಿನ ಪೊರೆಯಲ್ಲಿರುವ ನರಗಳಿಂದ ರಕ್ತ ಹಿಂದಕ್ಕೆ ಮೈಗೆ ಸೇರುತ್ತಿರುತ್ತದೆ. ಉಳಿದ ಹಳದಿ ಲೋಳೆ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ನಡುವೆ ಚಿಪ್ಪು ಕಿತ್ತರೆ ನರ ಹರಿದು ರಕ್ತ ಸೋರಿ ಮರಿ ಸಾಯುತ್ತದೆ.

ಹೊಟ್ಟೆಯೊಳಗೆ ಸೇರಿದ ಆ ಹಳದಿ ಲೋಳೆಯೇ ಮರಿಯ ಮೊದಲ ಬುತ್ತಿ. ಅದರ ಬಲದಿಂದ ಮರಿ ಎರಡು ದಿನ ಕಾಳು ನೀರಿಲ್ಲದೆ ಇರಬಲ್ಲದು. ಮೊದಲು ಬಂದ ಮರಿಗಳನ್ನು ರೆಕ್ಕೆಯೊಳಗೆ ಇಟ್ಟುಕೊಂಡು ಕೋಳಿ ಹಿಂದುಳಿದ ತತ್ತಿಗಳಿಗಾಗಿ ಕಾಯಲು ಸಾಧ್ಯವಾಗುವುದು ಇದರಿಂದಲೇ. ದೂರದ ಊರುಗಳಿಂದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ದಿನದ ಮರಿಗಳನ್ನು ಬಸ್ಸು ರೈಲಿನಲ್ಲಿ ಕಳಿಸುತ್ತಾರಲ್ಲ, ಅವು ಹಸಿವಿನಿಂದ ಸಾಯದೆ ಬರುವುದೂ ಈ ಬುತ್ತಿಯ ಮೇಲೆಯೇ. 23 ದಿನ ಕಳೆದರೂ ಒಡೆಯದ ತತ್ತಿಗಳನ್ನು ಹಿತ್ತಲಿನಲ್ಲಿ ಹೂಳಬೇಕು.

ಮೊದಲ ವಾರಗಳಲ್ಲಿ ಮರಿಯ ಮೈ ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ನಯವಾದ ತುಪ್ಪಳ ಚಳಿಗೆ ಸಾಲದು. ಅದಕ್ಕೆ ಅವು ಸ್ವಲ್ಪ ಹೊತ್ತು ಮೇಯ್ದು ತಾಯಿಯ ಕೆಳಗೆ ನುಗ್ಗುತ್ತವೆ, ಮೈ ಕಾಯಿಸಿಕೊಂಡು ಮತ್ತೆ ಹೊರಬರುತ್ತವೆ. ತಾಯಿ ಕಾಳು ಸಿಕ್ಕರೆ ತಾನು ನುಂಗುವುದಿಲ್ಲ. ಕೊಕ್ಕಿನಿಂದ ಎತ್ತಿ ಕೆಳಗೆ ಹಾಕಿ, ಮತ್ತೆ ಎತ್ತಿ, ಬೇಗ ಬೇಗ ಕರೆಯುತ್ತದೆ. ಯಾವುದು ತಿನ್ನುವುದು, ಯಾವುದು ಕಲ್ಲು ಎಂದು ಮರಿ ಕಲಿಯುವುದು ಹೀಗೆ. ಆಕಾಶದಲ್ಲಿ ಗಿಡುಗ ಕಂಡರೆ ಒಂದು ಕೂಗು, ನೆಲದ ಮೇಲೆ ಬೆಕ್ಕು ಬಂದರೆ ಬೇರೆಯೇ ಕೂಗು. ಕೋಳಿಗಳ ಕೂಗಿನಲ್ಲಿ ಈ ಎರಡು ಬಗೆ ಇರುವುದನ್ನು ವಿಜ್ಞಾನಿಗಳು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಹಿತ್ತಲಿನಲ್ಲಿ ಕುಳಿತು ಗಮನವಿಟ್ಟರೆ ನಿಮಗೂ ತಿಳಿಯುತ್ತದೆ.

ಹುಟ್ಟಿದ ಮರಿ ಮೊದಲು ಕಂಡ ಓಡಾಡುವ ಜೀವಿಯನ್ನು ತಾಯಿ ಎಂದು ನಂಬಿ ಹಿಂಬಾಲಿಸುತ್ತದೆ. ಕೊನ್ರಾಡ್ ಲೊರೆಂಜ್ ಎಂಬ ವಿಜ್ಞಾನಿ ಹೆಬ್ಬಾತಿನ ಮರಿಗಳಲ್ಲಿ ಇದನ್ನು ಆಳವಾಗಿ ಅಭ್ಯಾಸ ಮಾಡಿದರು. ಅವರ ಹಿಂದೆಯೇ ಮರಿಗಳು ಸಾಲಾಗಿ ನಡೆಯುತ್ತಿದ್ದವು! ಪ್ರಾಣಿಗಳ ನಡವಳಿಕೆಯ ಅಭ್ಯಾಸಕ್ಕಾಗಿ ಅವರಿಗೂ ಇನ್ನಿಬ್ಬರಿಗೂ 1973ರಲ್ಲಿ ನೊಬೆಲ್ ಬಹುಮಾನ ಬಂತು. ಬಾತುಕೋಳಿಯ ತತ್ತಿಯನ್ನು ಕೋಳಿಯ ಕೆಳಗೆ ಇಟ್ಟವರಿಗೆ ಇದರ ಇನ್ನೊಂದು ಮುಖ ಗೊತ್ತು. 28 ದಿನ ಕಾವು ಕೊಟ್ಟು ಮರಿ ಮಾಡಿದ ಕೋಳಿ, ಮರಿಗಳು ಹೊಂಡಕ್ಕೆ ಇಳಿದು ಈಜತೊಡಗಿದಾಗ ದಂಡೆಯ ಮೇಲೆ ಅತ್ತಿತ್ತ ಓಡುತ್ತ ಕೂಗಿಕೊಳ್ಳುತ್ತದೆ.

ಮರಿಗಳಿಗೆ ಮೊದಲು ಜೋಳ, ಸಜ್ಜೆ ಅಥವಾ ಅಕ್ಕಿಯ ಸಣ್ಣ ನುಚ್ಚು ಕೊಡಬೇಕು. ನೀರನ್ನು ಆಳವಿಲ್ಲದ ತಟ್ಟೆಯಲ್ಲಿಟ್ಟು ಅದರೊಳಗೆ ಸಣ್ಣ ಹರಳು ಹಾಕಬೇಕು. ಒಂದು ಅಂಗುಲ ನೀರಿನಲ್ಲಿಯೂ ಮರಿ ಮುಳುಗಿ ಸಾಯುತ್ತದೆ. ಬರಿಯ ಕಾಳಿನಿಂದ ಮರಿ ಬೇಗ ಬೆಳೆಯದು, ಹುಳ ಬೇಕು. ಹಳೆಯ ಮಡಕೆಯಲ್ಲಿ ಒದ್ದೆ ಮಾಡಿದ ಜೋಳದ ಕಣಿಕೆಯ ಚೂರು, ಸೆಗಣಿ ತುಂಬಿ ಗೆದ್ದಲು ಇರುವ ಕಡೆ ಬೋರಲು ಹಾಕಿ ಬನ್ನಿರಿ. ಮರುದಿನ ಬೆಳಿಗ್ಗೆ ಅದರ ತುಂಬ ಗೆದ್ದಲು ಸೇರಿರುತ್ತವೆ. ತಂದು ಮರಿಗಳ ಮುಂದೆ ಕೊಡವಿದರೆ ಅವುಗಳಿಗೆ ಹಬ್ಬ.

ಇನ್ನು ಕಳ್ಳರ ಮಾತು. ಹಗಲು ಗಿಡುಗ, ಹದ್ದು, ಕಾಗೆ. ರಾತ್ರಿ ಬೆಕ್ಕು, ಹೆಗ್ಗಣ, ಹಾವು. ಮುಂಗುಸಿಯಂತೂ ಹಗಲಿನಲ್ಲೇ ನುಗ್ಗುತ್ತದೆ. ಮೊದಲ ಎರಡು ವಾರ ತಾಯಿ ಮರಿಗಳನ್ನು ಮನೆಯ ಹತ್ತಿರವೇ ಇರಿಸಿ, ರಾತ್ರಿ ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿ, ಮೇಲೆ ಭಾರದ ಕಲ್ಲು ಹೇರಬೇಕು. ಬುಟ್ಟಿಯ ಅಂಚು ನೆಲಕ್ಕೆ ಸರಿಯಾಗಿ ಕೂತಿದೆಯೇ ಎಂದು ಸುತ್ತಲೂ ಕೈಯಾಡಿಸಿ ನೋಡಬೇಕು. ಹೆಗ್ಗಣಕ್ಕೆ ಎರಡು ಬೆರಳಿನ ಸಂದಿ ಸಿಕ್ಕರೂ ಬೆಳಗಾಗುವುದರೊಳಗೆ ಬುಟ್ಟಿ ಬರಿದು.

ಇವರೆಲ್ಲರಿಗಿಂತ ದೊಡ್ಡ ಕಳ್ಳ ರೋಗ. ಕೊಕ್ಕರೆ ರೋಗ ಬಂದರೆ ಒಂದು ಓಣಿಯ ಕೋಳಿಗಳೆಲ್ಲ ನಾಲ್ಕೈದು ದಿನಗಳಲ್ಲಿ ಹೋಗಬಹುದು. ರಾಣಿಖೇತ್ ರೋಗ ಎಂದರೂ ಇದೇ, ಮರಾಠಿಯಲ್ಲಿ ಮಾನಮೋಡಿ ಎನ್ನುವುದೂ ಇದನ್ನೇ. ಕತ್ತು ತಿರುಚಿಕೊಳ್ಳುವುದರಿಂದ ಆ ಹೆಸರು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕುತ್ತಾರೆ. ಒಂದು ಸೀಸೆ ಲಸಿಕೆ ನೂರು ಮರಿಗಳಿಗೆ ಆಗುವಷ್ಟಿರುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಒಂಬತ್ತು ಮರಿ ಇರುವ ಮನೆಯವರು ಒಬ್ಬರೇ ಹೋಗಿ ತರುವುದು ಇದರಿಂದಲೇ ಕಷ್ಟ. ಓಣಿಯ ನಾಲ್ಕಾರು ಮನೆಯವರು ಒಂದೇ ವಾರ ಕೋಳಿ ಕೂರಿಸಿದರೆ ಮರಿಗಳು ಒಂದೇ ವಾರ ಬರುತ್ತವೆ, ಒಂದೇ ಸೀಸೆಯಲ್ಲಿ ಎಲ್ಲರ ಕೆಲಸ ಆಗುತ್ತದೆ. ಪಶುವೈದ್ಯರಿಗೂ ಒಂದೇ ಸಲ ಬಂದರೆ ಸಾಕು.

2006ರಲ್ಲಿ ನಮ್ಮ ರಾಜ್ಯದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಭಾರತದಲ್ಲಿ ಅದೇ ಮೊದಲು. ಅದಾದ ಮೇಲೆ ಬೇರೆ ಬೇರೆ ರಾಜ್ಯಗಳಲ್ಲಿಯೂ ಬಂದಿದೆ. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮುಟ್ಟಬೇಡಿರಿ, ದೊಡ್ಡವರಿಗೆ ಹೇಳಿರಿ. ದಿನನಿತ್ಯವೂ ಕೋಳಿ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಆರು ವಾರ ಕಳೆಯುವ ಹೊತ್ತಿಗೆ ಮರಿಗಳ ಮೈತುಂಬ ಗರಿ ಬಂದಿರುತ್ತದೆ. ಆಮೇಲೆ ಒಂದು ದಿನ ತಾಯಿಯ ನಡತೆಯೇ ಬದಲಾಗುತ್ತದೆ. ನಿನ್ನೆಯವರೆಗೆ ಬಾಯಿಗೆ ತುತ್ತು ತೋರಿಸುತ್ತಿದ್ದ ಕೋಳಿ ಹತ್ತಿರ ಬಂದ ಮರಿಯ ತಲೆಗೆ ಕುಕ್ಕಿ ಓಡಿಸುತ್ತದೆ. ಮಕ್ಕಳಿಗೆ ಇದು ಬಹಳ ಕೆಡುಕೆನಿಸುತ್ತದೆ. ಒಬ್ಬ ಹುಡುಗಿ ‘ಅದಕ್ಕೆ ಮರಿಗಳ ಮೇಲೆ ಸಿಟ್ಟು ಯಾಕೆ ಬಂತು, ಸರ್?’ ಎಂದು ಕೇಳಿದ್ದಳು. ಸಿಟ್ಟಲ್ಲ. ಅದರ ರಕ್ತದಲ್ಲಿ ಆ ರಸ ಇಳಿದಿರುತ್ತದೆ, ಮತ್ತೆ ತತ್ತಿ ಇಡುವ ಕಾಲ ಹತ್ತಿರ ಬಂದಿರುತ್ತದೆ. ಮರಿಗಳಿಗೆ ತಾವಾಗಿ ಮೇಯಲು, ಅಡಗಲು, ರಾತ್ರಿ ಕೂಡುವ ಜಾಗ ಹುಡುಕಲು ಬರುತ್ತದೆ.

ಎಲ್ಲ ಕೋಳಿಗಳೂ ಒಂದೇ ರೀತಿಯ ತಾಯಿಯಲ್ಲ. ಒಂದು ಹತ್ತನೆಯ ದಿನಕ್ಕೆ ಎದ್ದುಹೋಗುತ್ತದೆ. ಒಂದು ತನ್ನ ಮರಿಯನ್ನೇ ತುಳಿಯುತ್ತದೆ. ಇನ್ನೊಂದು ಹದ್ದಿನ ಮೇಲೆಯೇ ಹಾರಿ ಬೀಳುತ್ತದೆ. ಕಾವಿಗೆ ಕೂರುವ ಗುಣ ಬಹುಮಟ್ಟಿಗೆ ವಂಶದಿಂದ ಬರುತ್ತದೆ. ಜಾತ್ರೆ ಬಂದಾಗ, ನೆಂಟರು ಬಂದಾಗ ಕೈಗೆ ಸಿಕ್ಕ ಕೊಬ್ಬಿದ ಕೋಳಿಯನ್ನು ಮಾರುವುದು, ಕೊಯ್ಯುವುದು ರೂಢಿ. ಅದಕ್ಕೆ ಮೊದಲು ಯಾವ ಹೇಂಟೆ ಎಷ್ಟು ತತ್ತಿಗೆ ಕುಳಿತಿತ್ತು, ಎಷ್ಟು ಮರಿ ಮಾಡಿತು, ಎರಡು ತಿಂಗಳಿಗೆ ಎಷ್ಟು ಉಳಿದವು ಎಂದು ನಿಮ್ಮ ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದರೆ ಅವ್ವನಿಗೆ ತೋರಿಸಿರಿ. 12 ತತ್ತಿಗೆ 10 ಮರಿ ಮಾಡಿ 8 ಉಳಿಸಿದ ಕೋಳಿಯನ್ನೂ ಅದರ ಹೆಣ್ಣುಮರಿಗಳಲ್ಲಿ ಎರಡನ್ನೂ ಮನೆಯಲ್ಲೇ ಇಟ್ಟುಕೊಂಡು, ಬೇರೆಯದನ್ನು ಸಂತೆಗೆ ಕಳಿಸಬಹುದು.